ಮಾತು ತರಲು ಹೋದ ದಾರಿ

ಮಾರ್ಗಶಿರ ಮಾಸದ ಒಂದು ಮುಂಜಾವಿನಲ್ಲಿ ನಮ್ಮ ಸವಾರಿ ಗಾಡಿ ಹಿರೇಕೆರೂರು ಬಿಟ್ಟಿತು. ಲಡಾಯಿಯ ದಿನಗಳು. ಸೀಮೆಎಣ್ಣೆ ಸಿಗುವುದು ಕಷ್ಟವಾದ್ದರಿಂದ ಗಾಡಿಗೆ ಕಂದೀಲು ಕಟ್ಟದೆ, ನಸುಕು ಹರಿದ ಮೇಲೆಯೇ ಹೊರಟೆವು. ಗಾಡಿಯಲ್ಲಿ ನಾನು, ನಮ್ಮ ಯಜಮಾನರು ಮತ್ತು ಆರು ವರ್ಷದ ಮಗಳು ಗೌರಿ ಇದ್ದೆವು. ಗಾಡಿ ಹೊಡೆಯುವವನು ಮನೆಯ ಆಳು ಫಕ್ಕೀರಪ್ಪ. ತಿಳವಳ್ಳಿ, ಅಕ್ಕಿಆಲೂರಿನ ಮೇಲೆ ಹಾನಗಲ್ಲಿಗೆ ಹೋಗುವುದು, ಅಲ್ಲಿಂದ ಗಾಡಿಯನ್ನು ಹಿಂದಕ್ಕೆ ಕಳಿಸಿ ಮೋಟಾರಿನಲ್ಲಿ ಶಿಗ್ಗಾವಿಗೆ, ಆಮೇಲೆ ಸವಣೂರಿಗೆ, ಕಡೆಗೆ ನನ್ನ ತವರೂರಾದ ಯಲವಿಗಿಗೆ. ಇದು ನಮ್ಮ ದಾರಿ. ದೇವರ ದರ್ಶನಕ್ಕೆಂದು ಊರವರಿಗೆ ಹೇಳಿದ್ದೆವು. ನಿಜವಾಗಿ ಹೊರಟಿದ್ದು ಗೌರಿಗೆ ಮಾತು ತರಲು.

ಗೌರಿಗೆ ಮಾತು ಬಂದಿರಲೇ ಇಲ್ಲವೆಂದಲ್ಲ. ಎರಡು ತುಂಬುವ ಹೊತ್ತಿಗೆ ಅವ್ವ, ಅಪ್ಪ, ನೀರು, ಹಾಲು ಎನ್ನುತ್ತಿದ್ದಳು. ಆಮೇಲೆ ಕೆಲವು ತಿಂಗಳಲ್ಲಿ ಆ ಮಾತುಗಳು ಒಂದೊಂದಾಗಿ ನಿಂತುಹೋದವು. ಕರೆದರೆ ತಿರುಗುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಡೊಳ್ಳಿನ ಸದ್ದು ಕೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಾಳೆ. ಅನ್ನ, ಮೊಸರು, ಚುರುಮುರಿ, ಹೀಗೆ ಬೆಳ್ಳಗಿರುವುದನ್ನಷ್ಟೇ ತಿನ್ನುತ್ತಾಳೆ. ಜೋಳದ ರಾಶಿಯ ಮುಂದೆ ಕೂತರೆ ಬೊಗಸೆಯಿಂದ ಕಾಳು ಸುರಿಯುತ್ತ ಇಡೀ ದಿನ ಕಳೆಯುತ್ತಾಳೆ. ಇದಕ್ಕೆ ಏನೆನ್ನಬೇಕೆಂದು ನಮಗೆ ಯಾರೂ ಹೇಳಿರಲಿಲ್ಲ. ಕೆಲವರು ಮೂಕಿ ಎಂದರು, ಕೆಲವರು ಗಾಳಿ ಸೋಕಿದೆ ಎಂದರು. ತಾಯತ, ಹರಕೆ, ಉಪವಾಸ ಎಲ್ಲವೂ ಆಗಿದ್ದವು.

ಈಗ ಅವಸರ ಬಿದ್ದಿತ್ತು. ನನ್ನ ನಾದಿನಿ ಕಮಲಳಿಗೆ ರಾಣೆಬೆನ್ನೂರ ಕಡೆಯಿಂದ ಒಳ್ಳೆಯ ಮನೆತನದ ಸಂಬಂಧ ಬಂದಿತ್ತು. ನೋಡಲು ಬಂದವರ ಮುಂದೆ ಗೌರಿ ಚೀರಿದರೆ, ಈ ಮನೆಯ ರಕ್ತದಲ್ಲೇ ಏನೋ ಇದೆ ಎಂದುಕೊಂಡಾರೆಂದು ನಮ್ಮ ಅತ್ತೆಯವರಿಗೆ ಅಂಜಿಕೆ. ಹೊರಡುವಾಗ ಅವರು ಗೌರಿಯ ಹಣೆಗೆ ವಿಭೂತಿ ಹಚ್ಚಿ, ತಾವೇ ಮೊಸರನ್ನ ಉಣಿಸಿ, ಮಗನಿಗೆ ಹೇಳಿದರು:

"ಮಾತು ಬಂದ್ರ ಕರಕೊಂಡ ಬರ್ರಿ, ಊರಿಗೆಲ್ಲ ಸಕ್ಕರಿ ಹಂಚತೇನಿ. ಬರಲಿಲ್ಲಂದ್ರ ಕಮಲಿ ಮದುವಿ ಮುಗಿಯೂಮಟಾ ಕೂಸು ಯಲವಿಗಿಯೊಳಗ ಇರಲಿ. ಬ್ಯಾರೆ ದಾರಿ ಇಲ್ಲಪಾ."

ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅವರನ್ನು ಕೆಟ್ಟವರೆನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ.

ಮೊದಲ ದಿನ ತಿಳವಳ್ಳಿ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿತು. ದಾರಿಯುದ್ದಕ್ಕೂ ಎತ್ತಿನ ಕೊರಳ ಗೆಜ್ಜೆಗೆ ಗೌರಿ ತಾನೇ ಒಂದು ರಾಗ ಹೊಂದಿಸಿಕೊಂಡು ಗುನುಗುತ್ತಿದ್ದಳು. ಯಜಮಾನರು ಮಾತ್ರ ಮತ್ತೆ ಮತ್ತೆ "ಗೌರಿ, ಎತ್ತು ಅನ್ನು. ಎ... ತ್ತು" ಎಂದು ಹೇಳಿಕೊಡುತ್ತಿದ್ದರು. ಅವಳ ಗುನುಗು ಎಷ್ಟು ಸ್ವಚ್ಛವಾಗಿತ್ತೆಂದು ನಾನು ಆಗ ಗಮನಿಸಲಿಲ್ಲ. ನಾನೂ ಅವಳ ತುಟಿಗಳನ್ನೇ ನೋಡುತ್ತಿದ್ದೆ. ಆ ನಾಲ್ಕು ವರ್ಷ ನಾವಿಬ್ಬರೂ ಅವಳ ಬಾಯನ್ನಷ್ಟೇ ನೋಡಿಕೊಂಡು ಬಂದಿದ್ದೆವು.

ಮರುದಿನ ಊಟದ ಹೊತ್ತಿಗೆ ಅಕ್ಕಿಆಲೂರು ಸೇರಿದೆವು. ರಸ್ತೆಯ ಎರಡೂ ಬದಿಗೆ ಭತ್ತದ ಕೊಯ್ಲು ನಡೆದಿತ್ತು, ಊರಿನೊಳಗೆ ಹೊಸ ಅಕ್ಕಿಯ ವಾಸನೆ. ಅಂದು ಸಂತೆಯ ದಿನ. ಯಜಮಾನರ ವ್ಯಾಪಾರದ ಗೆಳೆಯರಾದ ಸಾಹುಕಾರರೊಬ್ಬರ ಮನೆಯಲ್ಲಿ ನಮ್ಮ ಬಿಡಾರ. ಮನೆಯ ಹಿಂದೆಯೇ ಅವರ ಅಕ್ಕಿಯ ಗಿರಣಿ. ಅವರಿಗೂ ಗೌರಿಯ ವಾರಿಗೆಯ ಒಬ್ಬ ಮಗಳು. ಆ ಹುಡುಗಿ ಬಾಗಿಲಲ್ಲೇ ನಿಂತು "ಬರ್ರಿ ಕಾಕಾ, ಕಾಲಿಗೆ ನೀರು ತಗೊಳ್ರಿ" ಎಂದಳು. ಯಜಮಾನರು ಅವಳನ್ನು ಹತ್ತಿರ ಕೂರಿಸಿಕೊಂಡು ಶಾಲೆಯಲ್ಲಿ ಏನು ಕಲಿಸುತ್ತಾರೆ, ಮನೆಯ ಎಮ್ಮೆಗೆ ಏನು ಹೆಸರು ಎಂದು ಒಂದೇ ಸಮನೆ ಕೇಳಿದರು. ಅವಳು ಹೇಳುತ್ತಲೇ ಹೋದಳು. ಅವರು ಕೇಳುತ್ತಲೇ ಹೋದರು. ನಾನು ಒಳಗೆ ಎದ್ದುಹೋದೆ.

ಸಾಹುಕಾರರ ಹೆಂಡತಿ ರೊಟ್ಟಿ ಬಡಿಯುತ್ತ ನನಗೆ ಸಮಾಧಾನ ಹೇಳಿದರು. "ಹಠ ಇರಬೇಕ್ರಿ ಅದು. ನಮ್ಮ ಮೈದುನನೂ ಸಣ್ಣಾಂವಿದ್ದಾಗ ಮಾತಾಡ್ತಿರಲಿಲ್ಲ. ಈಗ ಬಾಯಿ ಮುಚ್ಚಂದ್ರ ಮುಚ್ಚವಲ್ಲ."

ನಾನು ನಕ್ಕೆ. ಹೀಗೆ ತಡವಾಗಿ ಮಾತು ಬಂದ ಮೈದುನ, ಅಣ್ಣ, ಸೋದರಮಾವ ಎಲ್ಲರ ಮನೆಯಲ್ಲೂ ಒಬ್ಬೊಬ್ಬರು ಇರುತ್ತಿದ್ದರು. ಅವರ ಕಥೆ ಕೇಳಿದ ದಿನ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಅಷ್ಟರಲ್ಲಿ ಗೌರಿ ಕಾಣಲಿಲ್ಲ. ಪಡಸಾಲೆ, ಹಿತ್ತಲು, ಬೀದಿ ಎಲ್ಲೂ ಇಲ್ಲ. ಹೊರಗೆ ಸಂತೆಯ ಜನ. ಹೆಸರು ಕೂಗಿದರೆ ಓಗೊಡುವ ಮಗುವಾದರೆ ಕೂಗಬಹುದು. ನಾನು ಸುಮ್ಮನೆ ಓಡಿದೆ. ಯಜಮಾನರಿಗೆ ಅವಳು ಸಿಕ್ಕಿದ್ದು ಗಿರಣಿಯೊಳಗೆ. ಅಕ್ಕಿ ಸುರಿಯುವ ಬಾಯಿಯ ಕೆಳಗೆ ಎರಡೂ ಕೈ ಒಡ್ಡಿ ನಿಂತಿದ್ದಳು. ಒಂದು ಮೊಳದಾಚೆ ಇಂಜಿನ್ನಿನ ಚಕ್ರ ತಿರುಗಿಸುವ ಪಟ್ಟಾ ಹೊಡೆದುಕೊಳ್ಳುತ್ತಿತ್ತು. ಅವಳ ಲಂಗದ ಅಂಚು ಗಾಳಿಗೆ ಅದರ ಕಡೆಗೇ ಹಾರುತ್ತಿತ್ತು. ಅವರು ಅವಳನ್ನು ಹೊರಗೆಳೆದು ತಂದು ಕೆನ್ನೆಗೆ ಹೊಡೆದರು. ಅದೇ ಮೊದಲ ಸಲ. ಗೌರಿ ಅಳಲಿಲ್ಲ. ಮುಷ್ಟಿಯಲ್ಲಿ ಉಳಿದಿದ್ದ ಅಕ್ಕಿಯನ್ನು ನೆಲಕ್ಕೆ ಸುರಿದು ಅದರ ಸದ್ದು ಕೇಳಿದಳು. ಆ ಸಂಜೆ ಅವರು ಊಟಕ್ಕೆ ಏಳಲಿಲ್ಲ. ಸಾಹುಕಾರರು ಪಕ್ಕದಲ್ಲಿ ಕೂತು, ಸವಣೂರಿನಲ್ಲಿ ಒಬ್ಬ ವೈದ್ಯರಿದ್ದಾರೆ, ಎಂಥ ಮೂಕರಿಗೂ ಮಾತು ಬರಿಸುತ್ತಾರೆ ಎಂದು ಗುರುತು ಹೇಳಿದರು.

ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಗಾಡಿಗೆ ಅರ್ಧ ದಿನದ ಹಾದಿ. ಹೊತ್ತು ನೆತ್ತಿಗೇರುವಷ್ಟರಲ್ಲಿ ಅಲ್ಲಿದ್ದೆವು. ತಾರಕೇಶ್ವರನಿಗೆ ಕಾಯಿ ಒಡೆಸಿ ಮಂಟಪದಲ್ಲಿ ಕೂತೆವು. ಆ ಮಂಟಪದ ಚಾವಣಿಯಲ್ಲಿ ಕಲ್ಲಿನಲ್ಲೇ ಕಡೆದ ದೊಡ್ಡದೊಂದು ಕಮಲ ತಲೆಕೆಳಗಾಗಿ ತೂಗುತ್ತದೆ. ಸುತ್ತು ಸುತ್ತಾಗಿ ಎಸಳುಗಳು. ಗೌರಿ ತಾನಾಗಿಯೇ ತಣ್ಣನೆಯ ಕಲ್ಲಿನ ಮೇಲೆ ಅಂಗಾತ ಮಲಗಿ ಅದನ್ನು ನೋಡತೊಡಗಿದಳು. ಅಷ್ಟು ಹೊತ್ತು ಒಂದೇ ಕಡೆ ಅವಳು ಸುಮ್ಮನಿದ್ದುದನ್ನು ನಾನು ಕಂಡಿರಲಿಲ್ಲ. ಅವಳ ಬೆರಳು ಗಾಳಿಯಲ್ಲಿ ಎಸಳುಗಳ ಸುತ್ತನ್ನೇ ಬರೆಯುತ್ತಿತ್ತು.

ಪೂಜಾರರು ಬಂದು "ದೇವರಿಗೆ ಕಾಲು ಚಾಚ್ಯಾಳಲ್ರಿ ಹುಡುಗಿ" ಎಂದು ಗದರಿದರು. ನಾನು ಗಡಬಡಿಸಿ ಎಬ್ಬಿಸಿದೆ. ಅವಳು ಚೀರಿದ ಚೀರಿಗೆ ಗುಡಿಯ ಪಾರಿವಾಳಗಳೆಲ್ಲ ಎದ್ದವು. ಕಾಲಿನ ದಿಕ್ಕನ್ನಷ್ಟೇ ತಿರುಗಿಸಿದ್ದರೆ ಸಾಕಿತ್ತು.

ಫಕ್ಕೀರಪ್ಪ ಗಾಡಿಯೊಂದಿಗೆ ಹಿಂದಿರುಗಿದ. ನಾವು ಶಿಗ್ಗಾವಿಗೆ ಮೋಟಾರು ಹತ್ತಿದೆವು. ಟಿಕೀಟು ದೊಡ್ಡವರಿಗೆ ಆರಾಣೆ, ಮಗುವಿಗೆ ಅರ್ಧ. ಪೆಟ್ರೋಲು ಸಿಗದ ಕಾಲ. ಹಿಂದೆ ಡ್ರಮ್ಮು ಕಟ್ಟಿಕೊಂಡು ಇದ್ದಲಿ ಹೊಗೆಯಲ್ಲಿ ಓಡುವ ಮೋಟಾರು ಅದು. ಏರು ಬಂದಲ್ಲೆಲ್ಲ ಗಂಡಸರು ಇಳಿದು ತಳ್ಳಬೇಕು. ಬಂಕಾಪುರದಲ್ಲಿ ನಿಂತು ಬಹಳ ಹೊತ್ತು ಇದ್ದಲಿ ತುಂಬಿದರು. ಹಾರ್ನು ಹೊಡೆದಾಗಲೆಲ್ಲ ಗೌರಿ ಕಿವಿ ಮುಚ್ಚಿ ತಲೆಯನ್ನು ನನ್ನ ಎದೆಗೆ ಬಡಿಯುತ್ತಿದ್ದಳು. ಒಬ್ಬ ಮುದುಕಿ "ಏನಾಗೈತವ್ವಾ ಕೂಸಿಗೆ?" ಎಂದು ಕೇಳಿದಳು. ಯಜಮಾನರು ಕಿಟಕಿಯ ಕಡೆ ಮುಖ ಮಾಡಿ "ಜ್ವರ" ಎಂದರು.

ಶಿಗ್ಗಾವಿಯ ಸರಕಾರಿ ದವಾಖಾನೆಯ ಡಾಕ್ಟರು ಮುಂಬಯಿಯಲ್ಲಿ ಕಲಿತು ಬಂದ ಹರೆಯದವರು. ಬೇರೆ ರೋಗಿಗಳು ಹೋಗುವವರೆಗೆ ನಮ್ಮನ್ನು ಕೂರಿಸಿ, ಆಮೇಲೆ ಬಾಗಿಲು ಮುಂದೆ ಮಾಡಿದರು. ಗೌರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ತಿರುಗಲಿಲ್ಲ. ಹೆಸರು ಹಿಡಿದು ಕರೆದರು, ತಿರುಗಲಿಲ್ಲ. ಆಮೇಲೆ ಮೂಲೆಗೆ ಹೋಗಿ ಒಂದು ಕಾಗದದ ಪೊಟ್ಟಣವನ್ನು ಮೆಲ್ಲಗೆ ಬಿಚ್ಚಿದರು. ಅದರಲ್ಲಿ ಚುರುಮುರಿ ಇತ್ತು. ಗೌರಿ ಆ ಸಣ್ಣ ಸದ್ದಿಗೆ ಫಕ್ಕನೆ ತಿರುಗಿ ನೇರವಾಗಿ ಅವರ ಕೈಗೆ ಬಂದಳು. ಬಾಯಿ, ಗಂಟಲು ನೋಡಿದರು. ಒಂದು ತಾಸು ಅವಳು ಏನು ಮಾಡುತ್ತಾಳೋ ಅದನ್ನೇ ನೋಡುತ್ತ ಕೂತರು. ಮಾತು ಯಾವಾಗ ನಿಂತಿತು, ಎತ್ತಿಕೊಂಡರೆ ಹೇಗಿರುತ್ತಾಳೆ, ಬೇಕಾದ್ದನ್ನು ಹೇಗೆ ಕೇಳುತ್ತಾಳೆ ಎಂದೆಲ್ಲ ನನ್ನನ್ನು ಕೇಳಿದರು. ನಮ್ಮ ಕೈ ಹಿಡಿದೆಳೆದು ಬೇಕಾದ ವಸ್ತುವಿನ ಮೇಲೆ ಇಡುತ್ತಾಳೆ ಎಂದೆ.

"ಕಿವಿ ಛಲೋ ಅದಾವು. ನಾಲಿಗಿನೂ ಛಲೋ ಐತಿ," ಎಂದರು. "ಇದು ಜಡ್ಡಲ್ರಿ. ಜಡ್ಡಾಗಿದ್ರ ಔಷಧ ಕೊಟ್ಟು ಕಳಸ್ತಿದ್ದೆ. ಈ ಕೂಸಿನ ಮನಸು ಕೂಡಿರೋದ ಬ್ಯಾರೆ ತರಾ. ಮುಂಬಯಿಯೊಳಗ ಕಲಿಯೂ ಮುಂದ ಇಂಥದ ಒಂದು ಹುಡುಗನ್ನ ನೋಡೀನಿ."

"ಇದಕ್ಕ ಹೆಸರೇನ್ರಿ?" ಎಂದರು ಯಜಮಾನರು.

"ಖರೇ ಹೇಳಬೇಕಂದ್ರ ನನಗ ಗೊತ್ತಿಲ್ಲ. ನಮ್ಮ ಗುರುಗಳಿಗೂ ಗೊತ್ತಿರಲಿಲ್ಲ."

"ಮಾತು ಬರ್ತಾವಿಲ್ಲೋ?"

"ಬಂದ್ರ ಬರಬಹುದು, ನಾಕು. ಬರದೇನೂ ಇರಬಹುದು. ಅದನ್ನ ಕಾಯ್ಕೋತ ಕುಂದರಬ್ಯಾಡ್ರಿ. ಇಕಿ ಹಿಂಗ ಬೆಳೀತಾಳ, ಹಿಂಗ ದೊಡ್ಡಾಕಿ ಆಗ್ತಾಳ."

ನಾನು ಬಾಯಿ ಬಿಟ್ಟು ಕೇಳಿಯೇಬಿಟ್ಟೆ. ಬಸುರಿದ್ದಾಗ ಗ್ರಹಣದ ದಿನ ನಾನು ಅಂಗಳಕ್ಕೆ ಬಂದಿದ್ದೆ. ಅದಕ್ಕೇ ಹೀಗಾಯಿತೇ ಎಂದು. ಅತ್ತೆಯವರೂ ನಾನೂ ಇಬ್ಬರೂ ಮನಸ್ಸಿನಲ್ಲಿಟ್ಟುಕೊಂಡು ಎಂದೂ ಆಡದ ಮಾತದು.

"ಇಲ್ರಿ ತಾಯಿ," ಎಂದರು ಡಾಕ್ಟರು. "ನಿಮ್ಮಿಂದ ಆಗಿದ್ದಲ್ಲ. ಯಾರಿಂದನೂ ಆಗಿದ್ದಲ್ಲ."

ಅಲ್ಲಿಯೇ ನನಗೆ ಅಳು ಬಂತು. ಬಿಡುಗಡೆಯ ಅಳುವೋ ದುಃಖದ್ದೋ ತಿಳಿಯದು. ಶಾಲೆಗೆ ಹೋಗುವ ಗೌರಿ, ಹಬ್ಬಕ್ಕೆ ಹಾಡು ಹೇಳುವ ಗೌರಿ, ಗಂಡನ ಮನೆಯಿಂದ ಬಂದು ನನ್ನ ಮುಂದೆ ಕೂತು ಸುಖದುಃಖ ಹೇಳಿಕೊಳ್ಳುವ ಗೌರಿ ಒಬ್ಬಳಿದ್ದಳಲ್ಲ, ಅವಳು ಆ ಕೋಣೆಯಲ್ಲಿ ಹೋಗಿಬಿಟ್ಟಳು. ಅವಳಿಗಾಗಿ ಅಳುತ್ತಿದ್ದಾಗ ತೊಡೆಯ ಮೇಲಿದ್ದ ಗೌರಿ ಚುರುಮುರಿ ತಿನ್ನುತ್ತಿದ್ದಳು.

ಯಜಮಾನರು ಒಪ್ಪಲಿಲ್ಲ. ಛತ್ರಕ್ಕೆ ಬಂದು ಕೋಟು ತೆಗೆಯುತ್ತಲೇ "ನಿನ್ನೆ ಮೊನ್ನೆ ಕಲ್ತು ಬಂದ ಹುಡುಗ. ಹೆಸರ ಗೊತ್ತಿಲ್ಲಂತಾನ, ಮತ್ತ ವಾಸಿ ಆಗಾಂಗಿಲ್ಲಂತ ಹೆಂಗ ಗೊತ್ತಾತು?" ಎಂದರು. ಡಾಕ್ಟರು ಹೇಳಿದ್ದು ನಿಜವೆಂದು ನನಗೆ ಅನ್ನಿಸಿಬಿಟ್ಟಿತ್ತು. ಹಾಗೆಂದು ಹೇಳಿದರೆ ಅವರ ಕೈಯಲ್ಲಿದ್ದುದನ್ನು ಕಸಿದಂತಾಗುತ್ತದೆಂದು ಗೌರಿಗೆ ಹಾಸಿಗೆ ಬಿಡಿಸತೊಡಗಿದೆ.

ಸವಣೂರಿಗೆ ಎಂಟು ಮೈಲು, ಟಾಂಗಾದಲ್ಲಿ ಹೋದೆವು. ನವಾಬರ ಊರು. ಎಲೆಬಳ್ಳಿಯ ತೋಟಗಳ ತಂಪು ರಸ್ತೆಯವರೆಗೂ ಬರುತ್ತಿತ್ತು. ಪೇಟೆಯಲ್ಲಿ ಖಾರ ಕರಿಯುವ ಎಣ್ಣೆಯ ವಾಸನೆ. ಯಜಮಾನರು ಅಂದು ಹುರುಪಿನಲ್ಲಿದ್ದರು. ಮನೆಗೆಂದು ಖಾರದ ಪೊಟ್ಟಣವನ್ನೂ ಕೊಂಡರು.

ವೈದ್ಯರ ಮನೆ ತೋಟಗಳ ಹಿಂದೆ. ಹಣ್ಣಾದ ಮುದುಕರು, ಮಾತು ಮೆತ್ತಗೆ, ಯಾರಿಂದಲೂ ಏನೂ ತೆಗೆದುಕೊಳ್ಳುವವರಲ್ಲ. ಗೌರಿಯ ಕಣ್ಣರೆಪ್ಪೆ ಎತ್ತಿ ನೋಡಿ, "ನಾಲಿಗಿ ನರ ಮಲಗ್ಯಾವ. ಕಿವಿ ಹಿಂದ ಎರಡು, ಗದ್ದದ ಕೆಳಗ ಒಂದು ಬರಿ ಕೊಟ್ರ ಎಚ್ಚರಾಗ್ತಾವ," ಎಂದರು. ಕೆಂಡದಲ್ಲಿ ಕಬ್ಬಿಣದ ಕಡ್ಡಿ ಇಟ್ಟರು. ಯಜಮಾನರು ಗೌರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಎರಡೂ ಕೈ ಹಿಡಿದರು. ಗೌರಿಗೆ ಕೆಂಡದ ಬಣ್ಣ ಇಷ್ಟವಾಯಿತು. ಬಾಗಿ ಬಾಗಿ ಅದನ್ನೇ ನೋಡಿ ನಗುತ್ತಿದ್ದಳು.

"ಬ್ಯಾಡ್ರಿ," ಎಂದೆ.

"ಒಂದು ಕ್ಷಣದ ಉರಿ. ಜನ್ಮಕ್ಕ ಮಾತು ಬರ್ತೈತಿ. ನೀ ಹೊರಗ ಹೋಗು."

"ನಾ ಹೋಗಾಂಗಿಲ್ಲ. ಡಾಕ್ಟರು ಹೇಳಿದ್ದು ನೀವೂ ಕೇಳೀರಿ. ಇಕಿ ಇರೋದ ಹಿಂಗ. ಸುಟ್ರ ಬ್ಯಾರೆ ಮಗಳು ಹೊರಗ ಬರಾಂಗಿಲ್ಲ."

ಪರರ ಮುಂದೆ ನಾನು ಅವರಿಗೆ ಎದುರು ಮಾತಾಡಿದ್ದು ಮದುವೆಯಾದಂದಿನಿಂದ ಅದೇ ಮೊದಲು. ವೈದ್ಯರು ಕಡ್ಡಿಯನ್ನು ಬೂದಿಯಲ್ಲಿ ಹೂತು, "ಹಡೆದಾಕಿ ಒಲ್ಲೆ ಅಂದ್ರ ನಾ ಮುಟ್ಟಾಂಗಿಲ್ಲಪಾ," ಎಂದರು. ಗೌರಿಯನ್ನು ಎತ್ತಿಕೊಂಡು ಹೊರಬಿದ್ದೆ. ದಾರಿ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಹೋಗಿ ಮುಟ್ಟಿದ್ದು ದೊಡ್ಡ ಹುಣಸೆ ಮಠಕ್ಕೆ. ಅಲ್ಲಿಯ ಮರಗಳು ಹೆಸರಿಗಷ್ಟೇ ಹುಣಸೆ. ಬುಡ ಒಂದು ಮನೆಯಷ್ಟು ಅಗಲ, ತೊಗಟೆ ಆನೆಯ ಚರ್ಮದಂತೆ. ಗೌರಿ ಆ ತೊಗಟೆಗೆ ಕೆನ್ನೆ ಒತ್ತಿ ನಿಂತುಬಿಟ್ಟಳು.

ಬಹಳ ಹೊತ್ತಿನ ಮೇಲೆ ಯಜಮಾನರು ಬಂದರು. ಬೇರಿನ ಮೇಲೆ ನನ್ನಿಂದ ದೂರ ಕೂತರು.

"ನಾ ಏನ ಇಕಿ ವೈರಿ ಅಲ್ಲ, ಶಾಂತವ್ವಾ."

"ನನಗ ಗೊತ್ತೈತ್ರಿ."

"ಅಪ್ಪಾ ಅಂತಿದ್ಲಲ್ಲ ಆವಾಗ. ಆ ದನಿ ನೆನಪ ಮಾಡ್ಕೋತೇನಿ, ಬರವಲ್ದು. ಇನ್ನೊಮ್ಮೆ ಕೇಳಿದ್ರ ಮರೀತಿರಲಿಲ್ಲ." ನನ್ನ ಕಡೆ ತಿರುಗಿ, "ನಿನಗ ನೆನಪೈತೇನು?" ಎಂದರು.

"ಐತ್ರಿ," ಎಂದೆ.

ನನಗೂ ನೆನಪಿರಲಿಲ್ಲ.

ಅವರು ಪಂಚೆಯ ಚುಂಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಗಂಡಸರ ಅಳುವಿಗೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಹತ್ತಿರ ಹೋಗಿ ಕೂತೆ, ಅಷ್ಟೇ.

ಸವಣೂರಿನಿಂದ ಯಲವಿಗಿ ದೂರವಲ್ಲ. ನನ್ನ ಅವ್ವ ಅಂಗಳದಲ್ಲೇ ಕಾಯುತ್ತಿದ್ದಳು. ನಮ್ಮ ಮುಖ ನೋಡಿದವಳೇ ಗೌರಿಯ ಮುಂದೆ ಒಂದು ಮೊರದಲ್ಲಿ ಜೋಳ ಇಟ್ಟು ಒಳಗೆ ಹೋದಳು. ಎರಡು ದಿನ ಇದ್ದೆವು. ಮೂರನೆಯ ದಿನದ ರೈಲಿಗೆ ಯಜಮಾನರು ನನ್ನ ಗಂಟನ್ನೂ ಕಟ್ಟಿಸತೊಡಗಿದಾಗ ಹೇಳಿದೆ:

"ನಾನೂ ಇಲ್ಲೇ ಇರ್ತೇನ್ರಿ. ಇಕಿನ್ನ ಒಬ್ಬಾಕಿನ್ನ ಬಿಟ್ಟು ಬರಾಂಗಿಲ್ಲ."

"ಮದುವಿ ಮನಿಯೊಳಗ ಹಿರೇ ಸೊಸಿ ಇಲ್ಲಂದ್ರ ಜನ ಏನಂದಾರು?"

"ಕೂಸು ಎಲ್ಲೈತಿ ಅಂತ ಕೇಳಿದ್ರ ಏನ ಹೇಳಾವ್ರಿದ್ರಿ? ಅದನ್ನ ನನಗೂ ಹೇಳ್ರಿ."

ಅವರು ನನ್ನ ಗಂಟನ್ನು ಎತ್ತಿ ಗೂಟಕ್ಕೆ ತೂಗುಹಾಕಿದರು. ಸ್ಟೇಶನ್ನಿಗೆ ಹೊರಟಾಗ ಬಾಗಿಲಲ್ಲಿ ನಿಂತು ಗೌರಿಯ ತಲೆ ಸವರಿದರು. ಅವಳು ತಲೆ ಜಗ್ಗಿಕೊಂಡು ಜೋಳ ಸುರಿಯುತ್ತಲೇ ಇದ್ದಳು. ಇಬ್ಬರನ್ನೂ ಕರೆದುಕೊಂಡೇ ಹೋಗುತ್ತೇನೆ, ಆದದ್ದಾಗಲಿ ಎಂದು ಅವರು ಅನ್ನಬಹುದೆಂದು ಓಣಿಯ ತಿರುವು ದಾಟುವವರೆಗೂ ಕಾದೆ.

ಮೂರು ತಿಂಗಳು ಯಲವಿಗಿಯಲ್ಲಿದ್ದೆವು. ಅವ್ವ ಗೌರಿಗೆ ಒಂದು ದಿನವೂ ಏನನ್ನಾದರೂ ಅನ್ನೆಂದು ಹೇಳಲಿಲ್ಲ. ಅವ್ವನನ್ನು ನೋಡಿ ನಾನೂ ಬಿಟ್ಟೆ. ಹಾಗೆ ಬಿಟ್ಟ ಮೇಲೆಯೇ ಗೌರಿ ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕೂರುವುದನ್ನು ಕಲಿತಳು. ಕಮಲಳ ಮದುವೆ ಮಾಘದಲ್ಲಿ ಆಯಿತು. ಅಕ್ಷತೆಯ ಹೊತ್ತಿಗೆ ಅವಳು "ವೈನಿ ಎಲ್ಲಿ, ಗೌರಿ ಎಲ್ಲಿ" ಎಂದು ಎಲ್ಲರ ಮುಂದೆ ಅತ್ತಳಂತೆ. ಕೇಳಿದ ಬೀಗರಿಗೆ ಯಜಮಾನರು ಎಲ್ಲವನ್ನೂ ಇದ್ದಂತೆ ಹೇಳಿಬಿಟ್ಟರಂತೆ. ಬೀಗರಲ್ಲಿ ಹಿರಿಯರೊಬ್ಬರು, "ಇಷ್ಟಕ್ಕ ಕೂಸಿನ್ನ ದೂರ ಇಟ್ರೇನ್ರಿ?" ಎಂದರಂತೆ.

ಫಾಲ್ಗುಣದಲ್ಲಿ ನಮ್ಮನ್ನು ಕರೆಯಲು ಬಂದಾಗ ಯಜಮಾನರು ಇದನ್ನೆಲ್ಲ ತಲೆ ತಗ್ಗಿಸಿ ಹೇಳಿದರು. ಮೂರು ತಿಂಗಳಲ್ಲಿ ಅವರ ಮೀಸೆ ನರೆತಿತ್ತು. ಯಲವಿಗಿಯಿಂದ ರೈಲಿನಲ್ಲಿ ಬ್ಯಾಡಗಿಗೆ ಬಂದು, ಅಲ್ಲಿ ಹಿರೇಕೆರೂರಿನ ಮೋಟಾರು ಹಿಡಿದೆವು. ಮೆಣಸಿನಕಾಯಿಯ ಸುಗ್ಗಿ. ರಸ್ತೆಯೆಲ್ಲ ಕೆಂಪು. ಮೋಟಾರಿನ ಮೇಲೂ ಒಳಗೂ ಕಾಯಿಯ ಚೀಲಗಳು. ಮೋಟಾರು ಅಲುಗಿದ್ದೇ ತಡ ಒಬ್ಬೊಬ್ಬರೇ ಸೀನತೊಡಗಿದರು. ಯಜಮಾನರ ಸೀನು ಎಲ್ಲರದಕ್ಕಿಂತ ಜೋರು. ಗೌರಿ ಎಲ್ಲಿ ಚೀರುತ್ತಾಳೋ ಎಂದು ನಾನು ಅವಳನ್ನು ಅಪ್ಪಿ ಹಿಡಿದೆ. ಅವಳು ನಕ್ಕಳು. ಅವರು ಮತ್ತೆ ಸೀನಿದರು, ಅವಳು ಮತ್ತೆ ನಕ್ಕಳು. ಆಮೇಲೆ ನನ್ನ ಕೈ ಬಿಡಿಸಿಕೊಂಡು ಅವರ ಮೊಣಕಾಲಿಗೆ ಆತು ನಿಂತು, ಮುಂದಿನ ಸೀನು ಯಾವಾಗ ಬರುತ್ತದೆಂದು ಅವರ ಮುಖವನ್ನೇ ಎವೆಯಿಕ್ಕದೆ ನೋಡತೊಡಗಿದಳು.

ಅವರು ನನ್ನ ಕಡೆ ತಿರುಗಿದರು. "ನೋಡಾಕತ್ತಾಳ," ಎಂದರು, ಪಿಸುದನಿಯಲ್ಲಿ. "ನನ್ನ ನೋಡಾಕತ್ತಾಳ."

ಚೀಲಗಳನ್ನು ನಡುದಾರಿಯ ಊರಲ್ಲಿ ಇಳಿಸಿದರು. ಗಾಳಿ ತಿಳಿಯಾಯಿತು, ಜನರ ಸೀನು ನಿಂತಿತು. ಯಜಮಾನರದು ನಿಲ್ಲಲಿಲ್ಲ. ಹುಬ್ಬು ಏರಿಸಿ, ಮೂಗು ಅರಳಿಸಿ, ಸುಳ್ಳು ಸೀನು ಸೀನುತ್ತ ಬಂದರು. ಪಕ್ಕದವರು ಇವರಿಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡಿದರು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ಹಿರೇಕೆರೂರಿನಲ್ಲಿ ಇಳಿದು ಓಣಿಯಲ್ಲಿ ನಡೆಯುವಾಗಲೂ ಗೌರಿ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ ಅವರ ಎದುರೇ ನಡೆದಳು.

ಮನೆಯ ಮುಂದೆ ಮದುವೆಯ ಹಂದರ ಇನ್ನೂ ಬಿಚ್ಚಿರಲಿಲ್ಲ. ಕಂಬಗಳಿಗೆ ಕಟ್ಟಿದ ಮಾವಿನ ತೋರಣ ಒಣಗಿ ಮುರುಟಿತ್ತು. ಅದನ್ನು ನೋಡಿದವರೇ ಯಜಮಾನರು ನಿಂತುಬಿಟ್ಟರು. ಕಂಬಕ್ಕೆ ಕೈ ಕೊಟ್ಟು ತಲೆ ಬಗ್ಗಿಸಿದರು. ಬಾಗಿಲಲ್ಲಿ ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಗೌರಿ ಮಾತ್ರ ಅಪ್ಪನ ಬಗ್ಗಿದ ಮುಖದ ಕೆಳಗೆ ತನ್ನ ಮುಖ ತಂದು, ಕತ್ತೆತ್ತಿ ನೋಡುತ್ತ, ಇನ್ನೊಂದು ಸೀನಿಗಾಗಿ ಕಾಯುತ್ತಿದ್ದಳು.